ಹಂಗಾಮಿ ವಾರ್ಡನ್

ಹೆಬ್ಬಾಳದಿಂದ ಗಂಗಾನಗರದ ಕಡೆ ಬರುವ ದಾರಿಯಲ್ಲಿ ಎತ್ತರದ ಕಲ್ಲುಗೋಡೆಯ ಒಳಗೆ ಸಂತ ಮೋನಿಕಾ ನಿವಾಸವಿತ್ತು. ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಕ್ಯಾಥೊಲಿಕ್ ಹೆಣ್ಣುಮಕ್ಕಳು ಇರಲೆಂದು ಮಂಗಳೂರಿನ ಸಿಸ್ಟರುಗಳ ಒಂದು ಸಂಘ, ಅವರ ಮಾತಿನಲ್ಲಿ ಸಭೆ, ೧೯೭೩ರಲ್ಲಿ ಅದನ್ನು ತೆರೆಯಿತು. ಅದಕ್ಕೆ ಮೊದಲು ಆ ಜಾಗ ಮುನಿವೆಂಕಟಯ್ಯನವರ ದ್ರಾಕ್ಷಿ ತೋಟವಾಗಿತ್ತು. ಕಟ್ಟಡ ಎದ್ದ ಮೇಲೂ ಹಿತ್ತಲಲ್ಲಿ ಅರ್ಧ ತೋಟ ಉಳಿದಿತ್ತು. ದೊಡ್ಡ ಪಾದ್ರಿಗಳು ಬಂದು ಪ್ರತಿ ಕೋಣೆಗೂ ಪವಿತ್ರ ಜಲ ಚಿಮುಕಿಸಿ, ಊಟ ಮಾಡಿ ಹೋದರು. ಆ ವರ್ಷ ಕೃಷಿ ಓದಲು ಸೇರಿದ ಕ್ಯಾಥೊಲಿಕ್ ಹುಡುಗಿ ಒಬ್ಬಳೂ ಇಲ್ಲ ಎಂಬುದು ಗೊತ್ತಾಗಿದ್ದು ಅದಾದ ಮರುವಾರ.

ನಿವಾಸದ ವಾರ್ಡನ್ನಾಗಿ ಬಂದಿದ್ದವರು ಸಿಸ್ಟರ್ ಸೆಲೆಸ್ಟಿನ್. ಕಾರ್ಕಳದ ಕಡೆಯವರು, ಆಗ ನಲವತ್ತರ ಆಸುಪಾಸು. ಅವರು ಮಂಗಳೂರಿಗೆ ಬರೆದರು: ಕ್ಯಾಥೊಲಿಕ್ ಮಕ್ಕಳು ಮುಂದಿನ ವರ್ಷ ಬರಬಹುದು, ಅಲ್ಲಿಯವರೆಗೆ ಕೋಣೆಗಳನ್ನು ಮುಚ್ಚಿಟ್ಟರೆ ಗೆದ್ದಲು ಹಿಡಿಯುತ್ತದೆ, ಆದ್ದರಿಂದ ಬೇರೆಯವರನ್ನು ಸೇರಿಸಿಕೊಳ್ಳುತ್ತಿದ್ದೇನೆ. ಗೆದ್ದಲಿನ ವಿಷಯದಲ್ಲಿ ಮಂಗಳೂರಿನವರಿಗೂ ಭಯವಿತ್ತು. ಒಪ್ಪಿದರು.

ಮೊದಲು ಬಂದವಳು ಶಿವಲಿಂಗವ್ವ. ರೋಣ ತಾಲ್ಲೂಕಿನ ಹುಡುಗಿ. ಅವಳ ಅಪ್ಪ ಮುರಿಗೆಪ್ಪ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಮೇಸ್ತ್ರಿ. ಮಗಳಿಗೆ ಬಿ.ಎಸ್ಸಿ. ಕೃಷಿಗೆ ಸೀಟು ಸಿಕ್ಕಿದ್ದು ಅವರಿಗೆ ಸಂತೋಷವೋ ಸಂಕಟವೋ ತಿಳಿಯದೆ, ಬೆಂಗಳೂರಿಗೆ ಬಂದವರು ಮೊದಲು ಗೋಡೆಯ ಸುತ್ತ ಒಂದು ಸುತ್ತು ಹಾಕಿದರಂತೆ. ಆಮೇಲೆ ಒಳಗೆ ಬಂದು ಕೂತರು.

"ನಮ್ಮ ಹುಡುಗಿ ಕೊಳ್ಳಾಗ ಲಿಂಗ ಐತ್ರಿ," ಎಂದರು. "ದಿನಾ ಮುಂಜಾನೆ ಜಳಕಾ ಮಾಡಿ ಪೂಜಾ ಮಾಡ್ತಾಳ್ರಿ. ಅದಕ್ಕೇನರ ತಕರಾರು ಐತೇನ್ರಿ?"

ಸಿಸ್ಟರ್ ಸೆಲೆಸ್ಟಿನ್ ನಿಯಮಾವಳಿಯನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದರು. "ಇದರಲ್ಲಿ ಲಿಂಗದ ಬಗ್ಗೆ ಏನೂ ಇಲ್ಲ," ಎಂದರು. "ಇಲ್ಲದ್ದನ್ನು ನಾನು ತಡೆಯುವುದು ಹೇಗೆ? ಬಿಸಿನೀರು ಮಾತ್ರ ಐದೂವರೆಗೆ ಮೊದಲು ಸಿಗುವುದಿಲ್ಲ."

ಮುರಿಗೆಪ್ಪ ಮಗಳನ್ನು ಬಿಟ್ಟು ಸಂಜೆಯ ರೈಲಿಗೆ ಹೋದರು. ಅವಳ ಹಿಂದೆಯೇ ಶಿಡ್ಲಘಟ್ಟದಿಂದ ನಜ್ಮುನ್ನೀಸಾ ಬಂದಳು. ಅವಳ ಅಪ್ಪನೂ ಮೊದಲು ನೋಡಿದ್ದು ಗೋಡೆಯನ್ನೇ.

ನಿಯಮಾವಳಿಯಲ್ಲಿ ಲಿಂಗದ ಬಗ್ಗೆ ಇರಲಿಲ್ಲ, ಆದರೆ ಹುಡುಗಿಯರು ಹಿರಿಯರ ಜೊತೆಯಿಲ್ಲದೆ ಬೆಳಗ್ಗೆ ಏಳಕ್ಕೆ ಮೊದಲು ಗೇಟು ದಾಟಬಾರದು ಎಂದು ಇತ್ತು. ಬರೆದವರ ಮನಸ್ಸಿನಲ್ಲಿ ಆರ್ಟ್ಸ್ ಕಾಲೇಜು ಇದ್ದಿರಬೇಕು. ಕೃಷಿ ಓದುವವರ ಪ್ರಾಕ್ಟಿಕಲ್ ಬೆಳಗ್ಗೆ ಆರಕ್ಕೆ ಹೊಲದಲ್ಲಿ. ಸಿಸ್ಟರ್ ಎರಡು ದಿನ ಯೋಚಿಸಿ, ಮೂರನೆಯ ದಿನ ತಾವೇ ಕಪ್ಪು ಕೊಡೆ ಹಿಡಿದು ಹುಡುಗಿಯರ ಜೊತೆ ಹೊರಟರು. ಅಂದಿನಿಂದ ರಾಗಿ ತಾಕಿನ ಬದುವಿನ ಮೇಲೆ, ಮಡಚುವ ಕುರ್ಚಿ ಹಾಕಿಕೊಂಡು, ಬಿಳಿ ಉಡುಪಿನ ಸಿಸ್ಟರ್ ಜಪಮಣಿ ಎಣಿಸುತ್ತ ಕೂತಿರುವುದು ವಿಶ್ವವಿದ್ಯಾಲಯದವರಿಗೆ ಅಭ್ಯಾಸವಾಯಿತು. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಅವರನ್ನು ಪಕ್ಷಿ ಓಡಿಸಲು ನೇಮಿಸಿದ್ದಾರೆಂದು ತಿಳಿದಿದ್ದರು. ಸಿಸ್ಟರ್ ಅದನ್ನು ತಿದ್ದಲಿಲ್ಲ. ಅವರು ಕೂತಾಗ ಗಿಳಿಗಳು ಬರುವುದು ಕಡಿಮೆಯಾಗಿದ್ದು ನಿಜವೇ.

ನಾನು ಅಲ್ಲಿಗೆ ಸೇರಿದ್ದು ೧೯೮೦ರಲ್ಲಿ. ನನ್ನ ಹೆಸರು ಮುನಿಯಲ್ಲಮ್ಮ. ನನ್ನ ಊರು ತುಮಕೂರು ರಸ್ತೆಯ ನಾಗಸಂದ್ರ. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಹತ್ತಿರದ ಊರು ನನ್ನದೇ, ಆದರೂ ಎರಡು ಬಸ್ಸು ಹಿಡಿದು ಆರು ಗಂಟೆಗೆ ಹೊಲ ಸೇರುವುದು ಸಾಧ್ಯವಿರಲಿಲ್ಲ. ಅಷ್ಟು ಹೊತ್ತಿಗೆ ಶಿವಲಿಂಗವ್ವ ಎಂ.ಎಸ್ಸಿ. ಮುಗಿಸಿ ಅಲ್ಲೇ ತೋಟಗಾರಿಕೆ ವಿಭಾಗದಲ್ಲಿ ಪಾಠ ಮಾಡುತ್ತಿದ್ದರು. ಬೇರೆ ಮನೆ ಹುಡುಕುತ್ತೇನೆ ಎನ್ನುತ್ತಲೇ ಮೋನಿಕಾ ನಿವಾಸದ ತಮ್ಮ ಹಳೆಯ ಕೋಣೆಯಲ್ಲಿ ಉಳಿದಿದ್ದರು. ನಾವೆಲ್ಲ ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆವು.

ಮರುವರ್ಷ ಅಕ್ಕನಿಗೆ ಮದುವೆ ಗೊತ್ತಾಯಿತು. ಗಂಡಿನ ಹೆಸರು ಕಾಶಿನಾಥ, ಇಳಕಲ್ಲಿನವರು. ಯಶವಂತಪುರದ ಮಾರುಕಟ್ಟೆ ಕಚೇರಿಯಲ್ಲಿ ಗುಮಾಸ್ತರು. ಸಣ್ಣ ಮೀಸೆ, ಕಡಿಮೆ ಮಾತು. ನಿಶ್ಚಿತಾರ್ಥ ಮೇ ತಿಂಗಳಲ್ಲಿ ಆಯಿತು, ಮದುವೆ ದೀಪಾವಳಿಯ ನಂತರ ಎಂದು ಮಾತಾಯಿತು. ಜೂನಿನಲ್ಲಿ ಸಿಸ್ಟರ್ ಸೆಲೆಸ್ಟಿನ್‌ಗೆ ಮಂಗಳೂರಿನಿಂದ ಕರೆ ಬಂತು. ಅವರನ್ನು ಸಭೆಯ ಆಡಳಿತ ಮಂಡಳಿಗೆ ಆರಿಸಿದ್ದರು, ಕೂಡಲೇ ಹೊರಡಬೇಕಿತ್ತು. ಅವರ ಬದಲಿಗೆ ಬರುವ ಸಿಸ್ಟರು ಇನ್ನೂ ಗೊತ್ತಾಗಿರಲಿಲ್ಲ.

"ಮೂರು ವಾರ ನೋಡಿಕೊಳ್ಳುತ್ತೀಯಾ?" ಎಂದು ಅವರು ಅಕ್ಕನನ್ನು ಕೇಳಿದಾಗ ನಾವು ಊಟದ ಮನೆಯಲ್ಲಿದ್ದೆವು. "ಹಂಗಾಮಿ ಅಂತ ಬರೆಯುವುದು. ನಿಜವಾದ ವಾರ್ಡನ್ ಬಂದ ಕೂಡಲೇ ನಿನಗೆ ಬಿಡುಗಡೆ."

"ನಾ ಕ್ಯಾಥೊಲಿಕ್ ಅಲ್ರಿ ಸಿಸ್ಟರ್."

"ಮೂರು ವಾರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ."

ಅಕ್ಕ ಒಪ್ಪಿದರು. ಸಿಸ್ಟರು ಬೀಗದ ಕೈ ಗೊಂಚಲು, ಕಪ್ಪು ಕೊಡೆ, ಮಡಚುವ ಕುರ್ಚಿ ಒಪ್ಪಿಸಿ ಮಂಗಳೂರಿನ ಬಸ್ಸು ಹತ್ತಿದರು.

ಬದಲಿಗೆ ಬಂದ ಮೊದಲ ಸಿಸ್ಟರಿಗೆ ರಾಗಿ ಒಗ್ಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ವಾಪಸಾದರು. ಎರಡನೆಯವರು ಬಂದ ದಿನವೇ ಅವರಿಗೆ ರಾಂಚಿಗೆ ವರ್ಗವಾದ ಸುದ್ದಿ ಬಂತು. ಪೆಟ್ಟಿಗೆಯ ಹಗ್ಗ ಬಿಚ್ಚದೆಯೇ ಹೊರಟರು. ಮೂರನೆಯವರು ಬರುತ್ತಾರೆಂದು ನಾವು ಕೋಣೆಗೆ ಸುಣ್ಣ ಬಳಿಸಿದೆವು. ಅವರು ಬರಲಿಲ್ಲ. ಅಕ್ಕ ತಿಂಗಳಿಗೊಮ್ಮೆ ಮಂಗಳೂರಿಗೆ ಬರೆಯುತ್ತಿದ್ದರು, ಮುಂದಿನ ತಿಂಗಳು ಖಂಡಿತ ಎಂದು ಅಲ್ಲಿಂದ ಉತ್ತರ ಬರುತ್ತಿತ್ತು. ದೀಪಾವಳಿ ಹೋಯಿತು. ಮತ್ತೊಂದು ದೀಪಾವಳಿಯೂ ಹೋಯಿತು.

ನಿಯಮದ ಪ್ರಕಾರ ವಾರ್ಡನ್ ನಿವಾಸದೊಳಗೇ ಮಲಗಬೇಕು, ಗಂಡಸರು ಸಂದರ್ಶಕರ ಕೋಣೆ ದಾಟಬಾರದು. ಈ ಎರಡೂ ಸೇರಿದರೆ ಮದುವೆಗೆ ಜಾಗ ಉಳಿಯುತ್ತಿರಲಿಲ್ಲ. ಕಾಶಿನಾಥ ಭಾನುವಾರ ಭಾನುವಾರ ಬರುತ್ತಿದ್ದರು. ಮಂಡಿಯಿಂದ ಈರುಳ್ಳಿಯೋ ಆಲೂಗಡ್ಡೆಯೋ ಚೀಲದಲ್ಲಿ ತಂದು ಅಡುಗೆಯ ಮಾರಕ್ಕನ ಕೈಗೆ ಕೊಟ್ಟು, ಸಂದರ್ಶಕರ ಕೋಣೆಯಲ್ಲಿ ಸಂತ ಮೋನಿಕಾಳ ಚಿತ್ರದ ಕೆಳಗೆ ಕೂರುತ್ತಿದ್ದರು. ಬಾಗಿಲು ತೆರೆದೇ ಇರಬೇಕೆಂಬುದು ನಿಯಮ. ಎದುರಿನ ಕುರ್ಚಿಯಲ್ಲಿ ಅಕ್ಕ. ಬಾಗಿಲಲ್ಲಿ ಕಾಳು ಆರಿಸುವ ಮಾರಕ್ಕ.

"ಅದೇನ್ ಮಾತಾಡ್ಕೊತಾರವ್ವ ಇವ್ರು," ಎಂದು ಮಾರಕ್ಕ ಒಮ್ಮೆ ನಮಗೆ ಹೇಳಿದಳು. ಅವಳು ಮುನಿವೆಂಕಟಯ್ಯನವರ ದಾಯಾದಿಗಳ ಪೈಕಿ, ಆ ಊರಿನವಳೇ. "ಯಾರಾದ್ರೂ ಬಂದ್ರಾ ಅಂತಾರೆ ಅವ್ರು. ಇಲ್ರೀ ಅಂತಾರೆ ಇವ್ರು. ಆಮ್ಯಾಕೆ ಈರುಳ್ಳಿ ರೇಟು. ಇಂಗೇ ಒಂದ್ ಗಂಟೆ ಕೂತ್ಕೊಂಡು ಒಂಟೋಯ್ತಾರೆ."

ಅಕ್ಕ ದುಃಖಿಸಿದ್ದನ್ನು ನಾನು ನೋಡಲಿಲ್ಲ. ಕೆಲಸ ಮಾಡುತ್ತಿದ್ದರು. ಹಿತ್ತಲಿನ ದ್ರಾಕ್ಷಿಯಿಂದ ಪ್ರತಿ ವರ್ಷ ಪಕ್ಕದ ಚರ್ಚಿನ ಬಲಿಪೂಜೆಗೆ, ಅಂದರೆ ಅವರ ನಿತ್ಯದ ಆರಾಧನೆಗೆ, ಹುದುಗಿಸಿದ ದ್ರಾಕ್ಷಾರಸ ಮಾಡಿಕೊಡುವುದು ನಿವಾಸದ ಕರ್ತವ್ಯವಾಗಿತ್ತು. ಅಕ್ಕನ ಮನೆತನದಲ್ಲಿ ಹೆಂಡದ ಅಂಗಡಿಯ ಮುಂದೆ ಹಾದುಹೋಗುವವರೂ ಇರಲಿಲ್ಲ. ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು, ಉಷ್ಣಮಾಪಕ ಹಿಡಿದು, ಪ್ರಯೋಗಶಾಲೆಯ ಕೆಲಸದಂತೆ ಅದನ್ನು ಮಾಡಿ ಮುಗಿಸಿದರು. ಹಿಂದೆಂದೂ ಇಷ್ಟು ಒಳ್ಳೆಯ ರಸ ಬಂದಿರಲಿಲ್ಲ ಎಂದು ಪಾದ್ರಿಗಳು ಹೇಳಿ ಕಳಿಸಿದರು. ಅಕ್ಕ ಅದನ್ನು ಮುರಿಗೆಪ್ಪನವರಿಗೆ ತಿಳಿಸಬಾರದೆಂದು ನಮಗೆ ಹೇಳಿದರು.

ನನ್ನ ಕೋಣೆಯಲ್ಲಿದ್ದವಳು ದಾನವ್ವ, ಬಿಜಾಪುರದ ಕಡೆಯವಳು. ನಾವಿಬ್ಬರೂ ಮೂರನೆಯ ವರ್ಷದಲ್ಲಿದ್ದಾಗ, ಪರೀಕ್ಷೆಗೆ ತಿಂಗಳಿರುವಾಗ, ಒಂದು ಮಧ್ಯಾಹ್ನ ಅವಳ ಅಣ್ಣ ಸಂಗಪ್ಪ ಗೇಟಿಗೆ ಬಂದ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಅವನೇ ಹಿರಿಯ. ದೊಡ್ಡ ಆಳು, ತಲೆಗೆ ರುಮಾಲು. ಸಿಂದಗಿಯಲ್ಲಿ ಎರಡು ಲಾರಿ ಇಟ್ಟಿರುವ ಗಂಡು ಸಿಕ್ಕಿದ್ದಾನೆ, ತಂಗಿಯನ್ನು ಕರೆದೊಯ್ಯಲು ಬಂದಿದ್ದೇನೆ ಎಂದ.

ದಾನವ್ವ ಕೋಣೆಯಲ್ಲಿ ಮಂಚದ ಅಂಚಿಗೆ ಕೂತಳು. ಅಳಲಿಲ್ಲ. ಮಣ್ಣು ವಿಜ್ಞಾನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, "ಹೋದ್ರ ಮತ್ತ ಬರೂದಿಲ್ಲ ಮುನಿಯಲ್ಲಮ್ಮ," ಎಂದಳು. "ಪರೀಕ್ಷಾ ಮುಗಸಾಕರ ಬಿಡ್ರಿ ಅಂದ್ರ ಹ್ಞೂಂ ಅಂತಾನ. ಊರಿಗೆ ಹೋದಮ್ಯಾಲ ಅವನೂ ಮರೀತಾನ, ಉಳದವರೂ ಮರೀತಾರ." ನಾನು ಅಕ್ಕನನ್ನು ಕರೆಯಲು ಓಡಿದೆ.

ಅಕ್ಕ ಗೇಟಿನ ಬಳಿ ಬಂದು ಎಲ್ಲ ಕೇಳಿಸಿಕೊಂಡರು.

"ಹುಡುಗೀನ ನಡು ಟರ್ಮಿನ್ಯಾಗ ಕಳಸಬೇಕಂದ್ರ ವಾರ್ಡನ್ನರ ಒಪ್ಪಿಗಿ ಬೇಕ್ರಿ," ಎಂದರು.

"ಕೊಡ್ರಲ್ಲ ಮತ್ತ."

"ನಾ ವಾರ್ಡನ್ ಅಲ್ರಿ. ಹಂಗಾಮಿ ಇದ್ದೇನಿ. ಹಂಗಾಮಿದವರಿಗೆ ಆ ಅಧಿಕಾರ ಇಲ್ಲ."

"ವಾರ್ಡನ್ ಎಲ್ಲಿ ಅದಾರ?"

"ಮಂಗಳೂರಾಗ."

"ಯಾವಾಗ ಬರ್ತಾರ?"

"ಮೂರು ವಾರದಾಗ ಅಂತ ಹೇಳಿ ಹೋದ್ರು."

"ಹೋಗಿ ಎಷ್ಟು ದಿನಾ ಆತ್ರಿ?"

"ಎರಡು ವರ್ಷ ಆಗಾಕ ಬಂತು."

ಸಂಗಪ್ಪ ಅವರ ಮುಖವನ್ನೇ ನೋಡಿದ. ಅಕ್ಕ ತಮಾಷೆ ಮಾಡುತ್ತಿರಲಿಲ್ಲ. "ಹಂಗಾರ ಕುಂಡ್ರತೇನ್ರಿ," ಎಂದು ಅವನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. ಅಕ್ಕ ಬೀಗ ಹಾಕಿ ಬಂದರು. ಸೀದಾ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಪಾಠಕ್ಕೆ ಹೊರಟರು.

ಅವನು ಯಶವಂತಪುರದಲ್ಲಿ ಯಾರೋ ಊರಿನವರ ಮನೆಯಲ್ಲಿ ಮಲಗಿ, ಬೆಳಗಾದರೆ ಬಂದು ಕೂರುತ್ತಿದ್ದ. ಬೈಯಲಿಲ್ಲ, ಕೂಗಾಡಲಿಲ್ಲ. ಅದೇ ಕಷ್ಟವಾಗಿತ್ತು. ಎರಡನೆಯ ಮಧ್ಯಾಹ್ನ ಮಾರಕ್ಕ ತಟ್ಟೆ ತೆಗೆದುಕೊಂಡು ಹೋದಳು. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಮುದ್ದೆ ಹೊಸದು. ಬಾಯಲ್ಲಿಟ್ಟುಕೊಂಡು ಅಗಿಯತೊಡಗಿದ.

"ಅಗೀಬಾರ್ದು ಕಣಪ್ಪ," ಎಂದಳು ಮಾರಕ್ಕ. "ನುಂಗ್ಬೇಕು."

"ಹಂಗ ನುಂಗಿದ್ರ ರುಚಿ ಹ್ಯಾಂಗ ತಿಳೀತದ್ರಿ?"

"ರುಚಿ ಸಾರಲ್ಲದೆ. ಮುದ್ದೆ ಒಟ್ಟೆಗೆ."

ಅವನು ಪ್ರಯತ್ನಪಟ್ಟ. ಮೂರನೆಯ ದಿನ ಬಿಸಿಲು ಜೋರಾಯಿತು. ಗಂಡಸರು ಸಂದರ್ಶಕರ ಕೋಣೆ ದಾಟಬಾರದು ಎಂದಿತ್ತೇ ಹೊರತು ತೋಟದ ಮಾತು ನಿಯಮದಲ್ಲಿ ಇರಲಿಲ್ಲ. ಅಕ್ಕ ಅವನನ್ನು ಪಕ್ಕದ ಸಣ್ಣ ಬಾಗಿಲಿನಿಂದ ದ್ರಾಕ್ಷಿ ಚಪ್ಪರದ ನೆರಳಿಗೆ ಬಿಟ್ಟರು. ಅಲ್ಲಿ ಕೂತವನು ಸ್ವಲ್ಪ ಹೊತ್ತಿಗೆ ಎದ್ದು ಬಳ್ಳಿಗಳನ್ನು ಮುಟ್ಟಿ ನೋಡತೊಡಗಿದ. ಅವನಿಗೆ ಊರಲ್ಲಿ ಬಾವಿಯಿತ್ತು, ಬಾವಿಯಲ್ಲಿ ನೀರಿತ್ತು, ಅದಕ್ಕೆ ಏನು ಹಾಕಬೇಕೆಂದು ಯೋಚಿಸುತ್ತಿದ್ದ. ತಂಗಿಯನ್ನು ಕರೆಸಿ ಕೇಳಿದ.

"ಇದು ನಮ್ಮ ಕಡೆ ಬರ್ತದೇನು?"

"ಈ ಜಾತಿ ಬ್ಯಾಡ," ಎಂದಳು ದಾನವ್ವ. "ಇದರಾಗ ಬೀಜ ಅದಾವ, ಪ್ಯಾಟ್ಯಾಗ ನಡ್ಯಾಂಗಿಲ್ಲ. ನಮ್ಮ ಒಣ ಹವಾಕ್ಕ ಬೀಜಿಲ್ಲದ್ದು ಚೊಲೊ ಬರ್ತದ. ಆದ್ರ ಚಾಟನಿ ಮಾಡೂದು ಕಲೀಬೇಕು. ವರ್ಷಕ್ಕ ಎರಡು ಸಲ ಬಳ್ಳಿ ಕತ್ತರಸಬೇಕಾಗ್ತದ."

"ನಿನಗ ಬರ್ತದೇನು?"

"ಅದು ಮುಂದಿನ ವರ್ಷದ ಪಾಠದಾಗ ಐತಿ."

ಸಂಗಪ್ಪ ಬಳ್ಳಿಯನ್ನೂ ತಂಗಿಯನ್ನೂ ನೋಡಿದ. ಆಮೇಲೆ ಅಕ್ಕನ ಹತ್ತಿರ ಬಂದು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ನಿಮ್ಮ ವಾರ್ಡನ್ ಮುಂದಿನ ವರ್ಷದ ಮಟಾ ಬರೂದಿಲ್ಲಲ್ರಿ?"

"ಲಕ್ಷಣ ಇಲ್ರಿ."

"ಹಂಗಾದ್ರ ಅಲ್ಲೀ ಮಟಾ ಇರ್ಲಿ. ಲಾರಿಯವರಿಗೆ ನಾ ಹೇಳ್ತೇನಿ."

ಅವನು ಹೋದ ಮೇಲೆ ಅಕ್ಕ ಅಡುಗೆಮನೆಗೆ ಬಂದು ಮಾರಕ್ಕನ ಮಣೆಯ ಮೇಲೆ ಕೂತು ಎರಡು ಲೋಟ ನೀರು ಕುಡಿದರು. "ನಾಳೆ ಎಷ್ಟು ತಾಸಿಗೆ ಪ್ರಾಕ್ಟಿಕಲ್?" ಎಂದು ನಮ್ಮನ್ನು ಕೇಳಿದರು. ಅಷ್ಟೇ.

ಲಾರಿಯವರು ಬೇರೆ ಹೆಣ್ಣು ನೋಡಿಕೊಂಡರು. ಪದವಿ ಮುಗಿದ ಮೇಲೆ ನಾನೂ ದಾನವ್ವನೂ ಎಂ.ಎಸ್ಸಿ.ಗೆ ಅಲ್ಲೇ ಉಳಿದೆವು.

೧೯೮೪ರ ಅಕ್ಟೋಬರಿನಲ್ಲಿ ಮಂಗಳೂರಿನಿಂದ ತಿಳುವಳಿಕೆ ಪತ್ರ ಬಂತು. ಕ್ಯಾಂಪಸ್ಸಿನಲ್ಲೇ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಆಗುತ್ತಿರುವುದರಿಂದ ಮೋನಿಕಾ ನಿವಾಸವನ್ನು ಈ ವರ್ಷದ ಕೊನೆಗೆ ಮುಚ್ಚಲಾಗುವುದು. ಜಾಗವನ್ನು ಕಲ್ಯಾಣ ಮಂಟಪ ಕಟ್ಟುವವರೊಬ್ಬರು ಕೇಳಿದ್ದಾರೆ. ಹಂಗಾಮಿ ವಾರ್ಡನ್ನರಿಗೆ ಮಂಡಳಿ ಕೃತಜ್ಞವಾಗಿದೆ.

ಆ ಭಾನುವಾರ ಕಾಶಿನಾಥ ಬಂದಾಗ ಅಕ್ಕ ಅದನ್ನು ಹೇಳಿದರು. ನಾನು ಮಾರಕ್ಕನ ಜೊತೆ ಬಾಗಿಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ.

"ಹಂಗಾರ ನಿಮಗ ಬಿಡುಗಡಿ ಆತು," ಎಂದರು ಕಾಶಿನಾಥ.

"ಆತು."

"ಮುಖ ಯಾಕ ಹಂಗ ಅದ ಮತ್ತ?"

ಕಾಶಿನಾಥ ಕೈಲಿದ್ದ ಚೀಲವನ್ನು ಮಡಚಿ ಮಡಚಿ ಚಿಕ್ಕದು ಮಾಡಿದರು. "ಮಂಗಳೂರಿಗೆ ಹೋಗಿ ಮಾತಾಡಿ ಬರ್ರಿ," ಎಂದರು. "ಮೂರು ವರ್ಷ ಕಾದೇನಿ. ನೀವು ಹಿಂಗ ಮುಖ ಮಾಡ್ಕೊಂಡು ಬಂದ್ರ ನಾ ಕಾದದ್ದು ಏನು ಬಂತು?" ಮೂರು ವರ್ಷಗಳಲ್ಲಿ ಅವರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದೇ ಎಂದು ಮಾರಕ್ಕ ಆಮೇಲೆ ಹೇಳಿದಳು.

ಹೆಂಗಸೊಬ್ಬಳೇ ದೂರದ ಪ್ರಯಾಣ ಮಾಡಬಾರದೆಂದೂ ನಿಯಮದಲ್ಲಿ ಇತ್ತು. ಅದಕ್ಕೆ ನಾನು ಅಕ್ಕನ ಜೊತೆ ಹೋದೆ.

ಮಂಗಳೂರಿನ ಕಾನ್ವೆಂಟು ಗುಡ್ಡದ ಮೇಲಿತ್ತು. ಕೆಂಪು ನೆಲ, ಉದ್ದನೆಯ ಜಗಲಿ. ಸಿಸ್ಟರ್ ಸೆಲೆಸ್ಟಿನ್ ನಮ್ಮನ್ನು ಕೂರಿಸಿ ಗಂಜಿಯನ್ನೂ ಉಪ್ಪಿನಕಾಯಿಯನ್ನೂ ತರಿಸಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾವು ತಿಂದು ಮುಗಿಸುವ ತನಕ ಮಳೆಯ ವಿಷಯ ಮಾತಾಡಿದರು.

"ಮುಚ್ಚೂದು ಅಂತ ಹೇಳಿದವರು ಯಾರ್ರಿ ಸಿಸ್ಟರ್?" ಎಂದು ಅಕ್ಕ ಕೇಳಿದರು.

"ನಾನೇ."

ಅಕ್ಕ ತಟ್ಟೆಯನ್ನು ಕೆಳಗಿಟ್ಟರು.

"ಮೂರು ವಾರ ಅಂತ ಹೇಳಿ ನಿನ್ನನ್ನು ಮೂರು ವರ್ಷ ಕೂರಿಸಿದೆ," ಎಂದರು ಸಿಸ್ಟರ್. "ವಾರ್ಡನ್ ಆಗಲು ಡಿಗ್ರಿ ಬೇಕು, ಡಿಗ್ರಿ ಆಗಿ ಬಿಡುವಿರುವ ಸಿಸ್ಟರು ಒಬ್ಬರೂ ನಮ್ಮಲ್ಲಿ ಇಲ್ಲ. ಇದ್ದವರೆಲ್ಲ ಶಾಲೆಗಳಿಗೆ ಬೇಕು. ಪ್ರತಿ ತಿಂಗಳು ನಿನ್ನ ಕಾಗದ ಬರುವಾಗ ನನಗೆ ಊಟ ಸೇರುತ್ತಿರಲಿಲ್ಲ. ಹುಡುಗ ಎಷ್ಟು ಕಾಲ ಕಾಯುವುದು? ಮುಚ್ಚಿದರೆ ನಿನ್ನ ಮದುವೆಯಾದರೂ ಆಗುತ್ತದೆ ಅಂತ ನಾನೇ ಮಂಡಳಿಗೆ ಹೇಳಿದ್ದು."

ಅಕ್ಕ ಎದ್ದು ಕೈ ತೊಳೆದು ಬಂದು ಕೂತರು.

"ನನ್ನ ಲಗ್ನ ಆಗ್ಲಿ ಅಂತ ಹಾಸ್ಟೆಲ್ ಮಾರಾಕ ಹೊಂಟೀರಿ," ಎಂದರು. "ಅದೂ ಕಲ್ಯಾಣ ಮಂಟಪದವರಿಗೆ."

"ಹಾಗೆ ನಾನು ನೋಡಿರಲಿಲ್ಲ," ಎಂದರು ಸಿಸ್ಟರ್. ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು. ಅಕ್ಕ ಅವರ ಕೈಯಿಂದ ಕನ್ನಡಕ ಇಸಿದುಕೊಂಡು ತಮ್ಮ ಸೆರಗಿನಿಂದ ಇನ್ನೊಮ್ಮೆ ಒರೆಸಿ ವಾಪಸು ಕೊಟ್ಟರು.

ಮಧ್ಯಾಹ್ನ ಮಂಡಳಿ ಸೇರಿತು. ಮೇಜಿನ ಒಂದು ಕಡೆ ಐವರು ಸಿಸ್ಟರುಗಳು, ನಡುವೆ ಸಭೆಯ ಮುಖ್ಯಸ್ಥೆ ಮದರ್ ಎಡ್ವಿಜ್. ಅಕ್ಕ ಎದ್ದು ನಿಂತು ಬಾಯಿ ತೆರೆಯುವ ಮೊದಲೇ ಮದರ್ ಕೈ ಎತ್ತಿದರು.

"ಕ್ಷಮಿಸಬೇಕು. ಮಂಡಳಿಯ ಎದುರು ಮಾತಾಡುವ ಹಕ್ಕು ವಾರ್ಡನ್ನಿಗೆ ಮಾತ್ರ ಇರುವುದು. ಹಂಗಾಮಿಯವರಿಗೆ ಇಲ್ಲ."

ಅಕ್ಕ ನಿಂತೇ ಇದ್ದರು. ಕೂರಬೇಕೋ ಹೊರಗೆ ಹೋಗಬೇಕೋ ಯಾರೂ ಹೇಳಲಿಲ್ಲ.

ಸಿಸ್ಟರ್ ಸೆಲೆಸ್ಟಿನ್ ಕೆಮ್ಮಿದರು. "ಹಾಗಾದರೆ ಅವಳನ್ನು ವಾರ್ಡನ್ ಮಾಡುವ," ಎಂದರು. "ಹೇಗೂ ಮುಚ್ಚುವ ಹಾಸ್ಟೆಲಲ್ವಾ. ಎಷ್ಟು ದಿನದ ಮಾತು?"

ಮಂಡಳಿಯವರು ಕೊಂಕಣಿಯಲ್ಲಿ ಮಾತಾಡಿಕೊಂಡರು. ಅಡ್ಡಿಯಿಲ್ಲವೆಂದು ಕಂಡಿತು. ಮೂವರು ಕೈ ಎತ್ತಿದರು, ಒಬ್ಬರು ಅರ್ಧ ಎತ್ತಿದರು. ಅಕ್ಕ ಮೋನಿಕಾ ನಿವಾಸದ ವಾರ್ಡನ್ನಾದರು.

"ಈಗ ಹೇಳಿ," ಎಂದರು ಮದರ್. "ಈ ವರ್ಷ ನಿಮ್ಮಲ್ಲಿ ಕ್ಯಾಥೊಲಿಕ್ ಮಕ್ಕಳು ಎಷ್ಟು ಉಂಟು?"

"ಇಬ್ಬರಿದ್ರು. ಒಬ್ಬಾಕಿ ಊಟ ಸರಿ ಇಲ್ಲಂತ ಮನಿಗೆ ಹೋಗ್ಯಾಳ."

"ಅದೇ ನಮ್ಮ ಕಷ್ಟ."

"ಹೌದ್ರಿ," ಎಂದರು ಅಕ್ಕ. "ನೀವು ಯಾರ ಸಲುವಾಗಿ ಕಟ್ಟಿದ್ರಿ, ಅವರು ಬರ್ಲಿಲ್ಲ. ಬಂದವರು ಬ್ಯಾರೆ. ನಮ್ಮಪ್ಪ ನನ್ನ ಕರಕೊಂಡು ಬಂದಾಗ ಕಾಲೇಜು ನೋಡ್ಲಿಲ್ರಿ, ಗೋಡಿ ನೋಡಿದ. ಒಳಗ ಸಿಸ್ಟರ್ ಇದ್ದಾರಂತ ನೋಡಿದ. ಗೋಡಿ ಗಿಡ್ಡ ಇದ್ದಿದ್ರ ನನ್ನ ತಿರುಗಿ ಕರಕೊಂಡು ಹೋಗ್ತಿದ್ದ. ನಾ ಇವತ್ತು ಪಾಠ ಮಾಡ್ತಿರಲಿಲ್ಲ. ಅಲ್ಲಿ ಇರೂ ಹುಡುಗ್ಯಾರ ಅಪ್ಪಗೋಳು ಎಲ್ಲಾರೂ ಹಂಗ ಅದಾರ. ಕ್ಯಾಂಪಸ್ಸಿನ ಹಾಸ್ಟೆಲ್ಲಿಗೆ ಅರ್ಧದಷ್ಟು ಮಂದಿ ಹೋಗ್ತಾರ. ಉಳದ ಅರ್ಧ ಊರಿಗೆ ಹೋಗ್ತಾರ. ಊರಿಗೆ ಹೋದವರು ತಿರುಗಿ ಬರೂದಿಲ್ಲ."

ಒಬ್ಬ ವಯಸ್ಸಾದ ಸಿಸ್ಟರ್, "ಆದರೆ ಅವರು ನಮ್ಮ ಮಕ್ಕಳಲ್ಲವಲ್ಲ," ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ, ತಿಳಿದುಕೊಳ್ಳಲು.

"ಮತ್ತ ಯಾರ ಮಕ್ಕಳ್ರಿ?" ಎಂದರು ಅಕ್ಕ. "ಅವರಿಗೆ ಜ್ವರ ಬಂದ್ರ ರಾತ್ರಿ ಎಲ್ಲಾ ಕುಂತಾವ್ರು ಸಿಸ್ಟರ್ ಸೆಲೆಸ್ಟಿನ್. ಹನ್ನೊಂದು ವರ್ಷ ಆತ್ರಿ. ಯಾರ ಮಕ್ಕಳು ಅಂತ ಈಗ ಕೇಳಿದ್ರ ನಾ ಏನು ಹೇಳ್ಲಿ?"

ಮದರ್ ಎಡ್ವಿಜ್ ನಮ್ಮನ್ನು ಹೊರಗೆ ಕಾಯಲು ಹೇಳಿದರು. ಒಳಗೆ ಏನಾಯಿತೋ ಗೊತ್ತಿಲ್ಲ. ಸಂಜೆಯ ಗಂಟೆ ಹೊಡೆದ ಮೇಲೆ ಸಿಸ್ಟರ್ ಸೆಲೆಸ್ಟಿನ್ ಬಂದರು. ರಸ್ತೆ ಬದಿಯ ಖಾಲಿ ತುಂಡನ್ನು ಮಾತ್ರ ಮಾರುವುದು, ಗೋಡೆಯನ್ನು ಒಳಕ್ಕೆ ಸರಿಸಿ ಅಷ್ಟೇ ಎತ್ತರಕ್ಕೆ ಕಟ್ಟುವುದು, ನಿವಾಸ ಮುಂದುವರಿಯುವುದು ಎಂದು ತೀರ್ಮಾನವಾಗಿತ್ತು.

"ಮತ್ತೆ ವಾರ್ಡನ್?" ಎಂದು ನಾನು ಕೇಳಿದೆ.

"ಅದನ್ನು ರದ್ದು ಮಾಡಬೇಕಂತ ಯಾರಿಗೂ ನೆನಪಾಗಲಿಲ್ಲ," ಎಂದರು ಸಿಸ್ಟರ್. "ನಾನೂ ನೆನಪು ಮಾಡಲಿಲ್ಲ. ಮದುವೆಯ ವಿಷಯ ಮಾತ್ರ ಕೇಳಿದೆ. ವಾರ್ಡನ್ ನಿವಾಸದಲ್ಲೇ ಮಲಗಬೇಕು ಅಂತ ಇದ್ದದ್ದನ್ನು ನಿವಾಸದ ಕೂಗಳತೆಯಲ್ಲಿ ಮಲಗಬೇಕು ಅಂತ ಮಾಡಿದ್ದಾರೆ. ಮದರಿಗೇ ಹೊಳೆದದ್ದು ಅದು."

ಬೆಂಗಳೂರಿಗೆ ಬಂದ ಮೇಲೆ ಕೂಗಳತೆ ಎಂದರೆ ಎಷ್ಟು ಎಂಬ ಪ್ರಶ್ನೆ ಎದ್ದಿತು. ಗೇಟಿನ ಎದುರಿಗೆ, ರಸ್ತೆಯ ಆಚೆ, ಮುನಿವೆಂಕಟಯ್ಯನವರ ಎರಡು ಕೋಣೆಯ ಮನೆ ಖಾಲಿಯಿತ್ತು. ಅವರು ಬಾಡಿಗೆಗೆ ಕೊಡಲು ಒಪ್ಪಿದರು. ಒಂದು ಭಾನುವಾರ ಕಾಶಿನಾಥ ಆ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಂತರು. ಮಾರಕ್ಕ ಹಾಸ್ಟೆಲಿನ ಮಹಡಿಯಿಂದ ಕೂಗಿದಳು. ಕಾಶಿನಾಥ ಹೊರಗೆ ಬಂದು, ಕೇಳಿಸಿತು ಎಂದರು. ಗಂಗಾನಗರದ ಕಡೆಯಿಂದ ಬರುತ್ತಿದ್ದ ಇಬ್ಬರು ಸೈಕಲ್ಲಿನಿಂದ ಇಳಿದು ಏನಾಯಿತೆಂದು ವಿಚಾರಿಸಿದರು.

ಮದುವೆ ೧೯೮೫ರ ಮೇ ತಿಂಗಳಲ್ಲಿ ರೋಣದಲ್ಲಿ ಆಯಿತು. ಸಿಸ್ಟರ್ ಸೆಲೆಸ್ಟಿನ್ ಬಂದಿದ್ದರು. ಮುರಿಗೆಪ್ಪನವರು ಅವರನ್ನು ಮುಂದಿನ ಸಾಲಿನಲ್ಲಿ ಸ್ವಾಮಿಗಳ ಪಕ್ಕಕ್ಕೆ ಕೂರಿಸಿದರು. ಸ್ವಾಮಿಗಳೂ ಸಿಸ್ಟರೂ ಊಟವಾಗುವವರೆಗೆ ಮೊಣಕಾಲು ನೋವಿನ ಬಗ್ಗೆ ಮಾತಾಡಿಕೊಂಡರಂತೆ. ದಾನವ್ವನ ಅಣ್ಣ ಸಂಗಪ್ಪ ಒಂದು ಬುಟ್ಟಿ ದ್ರಾಕ್ಷಿ ತಂದಿದ್ದ. ಹೊಸ ತೋಟದ ಮೊದಲ ಫಸಲು, ಸ್ವಲ್ಪ ಹುಳಿಯಾಗಿತ್ತು. ಎಲ್ಲರೂ ತಿಂದೆವು.

ಅಕ್ಕ ನಾಲ್ಕು ವರ್ಷ ವಾರ್ಡನ್ನಾಗಿದ್ದರು. ಬೆಳಗ್ಗೆ ಆರಕ್ಕೆ ಹುಡುಗಿಯರನ್ನು ಹೊಲಕ್ಕೆ ಕರೆದೊಯ್ಯುವುದು, ರಾತ್ರಿ ಗೇಟಿಗೆ ಬೀಗ ಹಾಕಿ ರಸ್ತೆ ದಾಟುವುದು. ನಾನು ಆಗ ಯಲಹಂಕದಲ್ಲಿ ಕೃಷಿ ಸಹಾಯಕಿಯಾಗಿ ಕೆಲಸದಲ್ಲಿದ್ದೆ, ಆಗಾಗ ಹೋಗುತ್ತಿದ್ದೆ. ೧೯೮೯ರಲ್ಲಿ ಮಂಗಳೂರಿನವರಿಗೆ ಡಿಗ್ರಿ ಆದ ಸಿಸ್ಟರೊಬ್ಬರು ಕೊನೆಗೂ ಸಿಕ್ಕಿದರು. ಸಿಸ್ಟರ್ ಜೆನೊವೆವಾ, ಚಿಕ್ಕ ವಯಸ್ಸಿನವರು, ರಾಗಿ ತಿನ್ನುವವರು. ಅವರು ಬಂದ ದಿನ ನಾನೂ ಅಲ್ಲಿದ್ದೆ. ಅಕ್ಕ ಎಲ್ಲ ಕೋಣೆಗಳನ್ನೂ ತೋರಿಸಿದರು. ಮೇಲಿನ ಟ್ಯಾಂಕಿನ ವಾಲ್ವು ಯಾವ ಕಡೆ ತಿರುಗಿಸಬೇಕು, ಯಾವ ಹುಡುಗಿಗೆ ಆಸ್ತಮಾ ಇದೆ, ಯಾರ ಅಪ್ಪ ಹೇಳದೆ ಬರುತ್ತಾರೆ, ಎಲ್ಲ ಹೇಳಿ, ಸಂಜೆ ಗೇಟು ಹಾಕಿಕೊಂಡು ಹೊರಗೆ ಬಂದರು.

ಎದುರು ಮನೆಯಲ್ಲಿ ಕಾಶಿನಾಥ ರೊಟ್ಟಿ ಬಡಿಯುತ್ತಿದ್ದರು. ನಮ್ಮನ್ನು ನೋಡಿ ಕೈ ಒರೆಸಿಕೊಂಡರು.

"ಎಲ್ಲಾ ಕೊಟ್ಟು ಬಂದ್ರಿ?"

"ಕೊಟ್ಟೆ," ಎಂದರು ಅಕ್ಕ. ನೆಲದ ಮೇಲೆ ಕೂತು ಗೋಡೆಗೆ ಒರಗಿದರು. ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಕಾಶಿನಾಥ ಅವರ ಮುಂದೆ ತಟ್ಟೆ ಇಟ್ಟು ಬಿಸಿ ರೊಟ್ಟಿ ಹಾಕಿದರು, ನನಗೂ ಹಾಕಿದರು. ಅಕ್ಕ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು.

"ದಪ್ಪ ಆಗ್ಯಾವ," ಎಂದರು.

"ನಾಳಿಂದ ನೀವ ಬಡೀರಿ," ಎಂದು ಕಾಶಿನಾಥ ಇನ್ನೊಂದನ್ನು ಹಂಚಿಗೆ ಹಾಕಿದರು.